ಮೋಟಾರು ಸೈಕಲ್ಲಿನ ಹೊಗೆಕೊಳವೆ

ಶಾಲೆಯ ಮುಖ್ಯೋಪಾಧ್ಯಾಯನಾದವನು ಊರೆಲ್ಲ ಕೇಳುವಂತೆ ಸದ್ದುಮಾಡುತ್ತ ಶಾಲೆಗೆ ಬರುವುದು ಶೋಭಿಸುವ ಸಂಗತಿಯಲ್ಲ. ಆದರೆ ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಪರಿಸ್ಥಿತಿ ಅದೇ ಆಗಿತ್ತು. ನಮ್ಮ ತಂದೆಯವರು ೧೯೮೪ರಲ್ಲಿ ಕೊಂಡಿದ್ದ ಯೆಜ್ಡಿ ಮೋಟಾರು ಸೈಕಲ್ಲನ್ನು ನಾವು ಇಂದಿಗೂ ಬಳಸುತ್ತಿದ್ದೇವೆ. ಅದರ ಎಡಗಡೆಯ ಹೊಗೆಕೊಳವೆಯು ತುಕ್ಕು ಹಿಡಿದು ಅಡಿಯಲ್ಲಿ ತೂತಾಗಿತ್ತು. ಬಲಗಡೆಯದೂ ಅದೇ ದಾರಿಯನ್ನು ಹಿಡಿದಿತ್ತು. ನಾವಿನ್ನೂ ಕೊತ್ತಪಲ್ಲಿಯ ಹೊರಗಿನ ತಿರುವಿನಲ್ಲಿರುವಾಗಲೇ ಒಂದನೆಯ ತರಗತಿಯ ಮಕ್ಕಳು ಅಕ್ಷರ ಬಿಟ್ಟು ಕಿಟಕಿಯ ಕಡೆಗೆ ತಿರುಗುತ್ತಾರೆಂದು ಅವರ ಉಪಾಧ್ಯಾಯಿನಿಯವರು ವಿನಯದಿಂದಲೇ ತಿಳಿಸಿದರು. "ಗದ್ದಲ ಮಾಡಬೇಡಿರಿ" ಎಂದು ದಿನಕ್ಕೆ ಹತ್ತು ಸಲ ಹೇಳುವ ನಮಗೆ ಆ ಮಾತು ಚೆನ್ನಾಗಿ ನಾಟಿತು. ಹೊಸ ಕೊಳವೆಗಳನ್ನು ತಂದು ಮನೆಯಂಗಳದಲ್ಲಿ ನಾವೇ ಕೂಡಿಸುವುದೆಂದು ನಿಶ್ಚಯಿಸಿದೆವು. ಆ ಕೆಲಸದಲ್ಲಿ ಕಲಿತುದನ್ನು ಇಲ್ಲಿ ನಿವೇದಿಸುತ್ತೇವೆ. ಇಂದು ಬಹುತೇಕ ಪ್ರತಿ ಮನೆಯ ಮುಂದೆಯೂ ಒಂದು ಮೋಟಾರು ಸೈಕಲ್ಲು ನಿಂತಿರುವುದರಿಂದ ಇದು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಉಪಯೋಗಕ್ಕೆ ಬಂದೀತೆಂದು ನಂಬಿದ್ದೇವೆ.

ಮೊದಲು ಈ ಕೊಳವೆಯ ಕೆಲಸವೇನೆಂಬುದನ್ನು ನೋಡೋಣ. ಎಂಜಿನ್ನಿನೊಳಗೆ ಪೆಟ್ರೋಲು ಉರಿದಾಗ ಉಂಟಾಗುವ ಬಿಸಿ ಅನಿಲವು ಹೊರಗೆ ಹೋಗಲೇಬೇಕು. ಅದನ್ನು ಹೊರಗೆ ಒಯ್ಯುವ ಭಾಗಗಳು ಎರಡು. ಎಂಜಿನ್ನಿನ ಬಾಯಿಯಿಂದ ಬಾಗಿ ಹೊರಡುವ ಸಣ್ಣ ಕೊಳವೆಗೆ ಮಿಸ್ತ್ರಿಗಳು 'ಬೆಂಡ್ ಪೈಪ್' ಎನ್ನುತ್ತಾರೆ. ಅದರ ಹಿಂದೆ ಚಕ್ರದ ಪಕ್ಕದಲ್ಲಿ ಉದ್ದವಾಗಿ ಚಾಚಿರುವ ದಪ್ಪ ಕೊಳವೆಯೇ 'ಸೈಲೆನ್ಸರ್'. ಯೆಜ್ಡಿಯ ಎಂಜಿನ್ನು ಎರಡು ಹೊಡೆತದ್ದು, ಅಂದರೆ 'ಟೂ ಸ್ಟ್ರೋಕ್'. ಅದರಲ್ಲಿ ಎಂಜಿನ್ನು ಒಂದು ಸುತ್ತು ತಿರುಗಿದರೆ ಒಂದು ಸಲ ಪೆಟ್ರೋಲು ಉರಿಯುತ್ತದೆ. ನಿಮಿಷಕ್ಕೆ ೩೦೦೦ ಸುತ್ತು ತಿರುಗುವಾಗ ಸೆಕೆಂಡಿಗೆ ೫೦ ಸಲ ಸಣ್ಣ ಸಣ್ಣ ಸಿಡಿತಗಳು ಆ ಬಾಯಿಯಿಂದ ಹೊರಬೀಳುತ್ತವೆ. ಅವು ನೇರವಾಗಿ ಬಯಲಿಗೆ ಬಂದರೆ ಕಿವಿ ತಡೆಯಲಾರದು. ಸೈಲೆನ್ಸರಿನಲ್ಲಿ ಅನಿಲಕ್ಕೆ ಹಿಗ್ಗಲು ಅಗಲವಾದ ಸ್ಥಳ ದೊರೆಯುತ್ತದೆ. ಒಳಗಿರುವ ತೂತುಗಳುಳ್ಳ ತಡೆಗೊಳವೆಯನ್ನು ಹಾಯುವಾಗ ಸಿಡಿತದ ವೇಗ ಮುರಿಯುತ್ತದೆ. ಹೊಳೆಯ ಪ್ರವಾಹವು ಕೆರೆಗೆ ಬಂದು ಸೇರಿ, ತೂಬಿನಿಂದ ಮೆಲ್ಲಗೆ ಹೊರಡುವಂತೆ ಎಂದು ತಿಳಿದರೆ ಸಾಕು.

ಶಬ್ದವನ್ನು ಅಡಗಿಸುವುದಷ್ಟೇ ಅದರ ಕೆಲಸವೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಎರಡು ಹೊಡೆತದ ಎಂಜಿನ್ನಿನಲ್ಲಿ ಸುಟ್ಟ ಅನಿಲ ಹೊರಗೆ ಹೋಗುತ್ತಿರುವಾಗಲೇ ಹೊಸ ಪೆಟ್ರೋಲುಗಾಳಿಯು ಒಳಗೆ ಬರುತ್ತದೆ. ಎರಡು ಬಾಗಿಲುಗಳೂ ಏಕಕಾಲಕ್ಕೆ ತೆರೆದಿರುವುದರಿಂದ ಹೊಸದರಲ್ಲಿ ಒಂದಿಷ್ಟು ಉರಿಯದೆಯೇ ಹೊರಕ್ಕೆ ಜಾರುವುದುಂಟು. ಆಗ ಕೊಳವೆಯ ತುದಿಯಿಂದ ಹಿಂದಿರುಗುವ ಒತ್ತಡದ ಅಲೆಯು, ಬಾವಿಯಲ್ಲಿ ಕೂಗಿದ ದನಿ ಮರಳಿ ಬರುವಂತೆ ಬಂದು, ಜಾರುತ್ತಿರುವ ಪೆಟ್ರೋಲುಗಾಳಿಯನ್ನು ತಡೆಯುತ್ತದೆ. ಪೂರ್ವ ಜರ್ಮನಿಯ ಎಂ.ಝಡ್. ಕಾರಖಾನೆಯಲ್ಲಿದ್ದ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರನು ೧೯೫೦ರ ದಶಕದಲ್ಲಿ ಈ ಅಲೆಗಳನ್ನೇ ಅಭ್ಯಾಸ ಮಾಡಿ, ಕೊಳವೆಯ ಆಕಾರದಿಂದಲೇ ಪಂದ್ಯದ ಗಾಡಿಗಳ ಶಕ್ತಿಯನ್ನು ಬಹಳ ಹೆಚ್ಚಿಸಿದನು. ಆದುದರಿಂದ ಕೊಳವೆಯ ಉದ್ದ ಅಗಲಗಳು ಎಂಜಿನ್ನಿನ ಲೆಕ್ಕಕ್ಕೆ ಸೇರಿದವು. ಸೈಲೆನ್ಸರನ್ನು ಕಿತ್ತೊಗೆದರೆ ಗಾಡಿ ಹೆಚ್ಚು ಓಡುತ್ತದೆಂದು ನಂಬುವ ತರುಣರು ಇದನ್ನು ಗಮನಿಸಬೇಕು. ಸದ್ದು ಹೆಚ್ಚುವುದು ನಿಜ. ಶಕ್ತಿ ಹೆಚ್ಚುವುದರ ಬದಲು ಕುಂದುವುದೇ ಹೆಚ್ಚು.

ಇನ್ನು ಕೊಳವೆಗೆ ತುಕ್ಕು ಹಿಡಿಯುವುದೇಕೆ? ಹೊರಗಿನ ಮಳೆ ಮತ್ತು ಕೆಸರು ಒಂದು ಕಾರಣ. ನಮ್ಮ ಭಾಗದ ಎರೆಮಣ್ಣು ಒಮ್ಮೆ ಮೆತ್ತಿಕೊಂಡಿತೆಂದರೆ ದಿನಗಟ್ಟಲೆ ತೇವವನ್ನು ಬಿಡುವುದಿಲ್ಲ. ಆದರೆ ಮುಖ್ಯ ಶತ್ರು ಇರುವುದು ಒಳಗೆ. ಪೆಟ್ರೋಲಿನಲ್ಲಿ ಇಂಗಾಲವೂ ಜಲಜನಕವೂ ಇರುತ್ತವೆ. ಜಲಜನಕವು ಉರಿದಾಗ ನೀರಾಗುತ್ತದೆಂಬುದನ್ನು ವಿದ್ಯಾರ್ಥಿಗಳು ರಸಾಯನ ಪಾಠದಲ್ಲಿ ಓದಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಒಂದು ಲೀಟರು ಪೆಟ್ರೋಲು ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ! ಕೊಳವೆ ಚೆನ್ನಾಗಿ ಕಾದಿದ್ದರೆ ಅದು ಉಗಿಯಾಗಿ ಹೊರಟುಹೋಗುತ್ತದೆ. ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಎಂದು ಅಲ್ಪ ದೂರವನ್ನೇ ಓಡಿಸುವ ನಮ್ಮಂಥವರ ಗಾಡಿಯ ಕೊಳವೆ ಪೂರ್ತಿಯಾಗಿ ಕಾಯುವುದೇ ಇಲ್ಲ. ನೀರು ಒಳಗೇ ನಿಂತು ಕಬ್ಬಿಣವನ್ನು ತಿನ್ನುತ್ತದೆ. ಆಗಾಗ ಅರ್ಧ ಗಂಟೆಯ ಪ್ರಯಾಣವನ್ನಾದರೂ ಮಾಡಿದ್ದರೆ ನಮ್ಮ ಕೊಳವೆಗಳು ಇನ್ನಷ್ಟು ಕಾಲ ಬಾಳುತ್ತಿದ್ದವು.

ಈ ಗಾಡಿಯ ಚರಿತ್ರೆಯೂ ಕನ್ನಡಿಗರು ತಿಳಿಯತಕ್ಕದ್ದೇ. ಚೆಕ್ ದೇಶದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು ೧೯೨೯ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ಲು ಮಾಡುವ ಹಕ್ಕನ್ನು ಪಡೆದು, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ 'ಜಾವಾ' ಎಂದು ತನ್ನ ಗಾಡಿಗೆ ಹೆಸರಿಟ್ಟನು. ರುಸ್ತುಂ ಮತ್ತು ಫರ್ರೋಖ್ ಇರಾನಿಯವರು ಮೈಸೂರಿನಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರಖಾನೆಯಲ್ಲಿ ೧೯೬೧ರಿಂದ ಈ ಗಾಡಿಗಳು ತಯಾರಾಗತೊಡಗಿದವು. ೧೯೭೩ರಿಂದ ಅವು 'ಯೆಜ್ಡಿ' ಎಂಬ ಹೆಸರಿನಲ್ಲಿ ಹೊರಬಂದವು; ಇರಾನ್ ದೇಶದ ಯಜ್ದ್ ಪಟ್ಟಣದ ನೆನಪು ಆ ಹೆಸರಿನಲ್ಲಿದೆ. ಒಂದೇ ಸಿಲಿಂಡರಿಗೆ ಎಡಕ್ಕೊಂದು ಬಲಕ್ಕೊಂದು ಹೊಗೆಕೊಳವೆ ಇರುವುದು ಅದರ ವೈಶಿಷ್ಟ್ಯ. ಆ ಕಾರಖಾನೆಯು ೧೯೯೬ರಲ್ಲಿ ಮುಚ್ಚಿತು. ಜಾವಾ ಹೆಸರು ೨೦೧೮ರಲ್ಲಿಯೂ ಯೆಜ್ಡಿ ಹೆಸರು ೨೦೨೨ರಲ್ಲಿಯೂ ಹೊಸ ಗಾಡಿಗಳ ಮೇಲೆ ಮತ್ತೆ ಕಾಣಿಸಿಕೊಂಡವಾದರೂ ಅವು ನಾಲ್ಕು ಹೊಡೆತದ ಬೇರೆಯೇ ಎಂಜಿನ್ನುಗಳು. ಅವುಗಳ ಕೊಳವೆ ಹಳೆಯದಕ್ಕೆ ಹೊಂದುವುದಿಲ್ಲ. ಹಳೆಯ ಗಾಡಿಗಳಿಗೆ ಇಂದು ದೊರೆಯುವ ಕೊಳವೆಗಳು ಬಹುಮಟ್ಟಿಗೆ ಸಣ್ಣ ಕಾರ್ಯಾಗಾರಗಳಲ್ಲಿ ಮಾಡಿದವು. ಆದುದರಿಂದ ಕೊಳ್ಳುವಾಗ ಕಣ್ಣು ತೆರೆದಿರಬೇಕು.

ನಾವು ಹಳೆಯ ಕೊಳವೆಯ ಉದ್ದ, ಬಾಯಿಯ ಅಗಲ, ಹಿಂದಿನ ಪಟ್ಟಿಯ ತೂತಿನ ದೂರ ಇವುಗಳನ್ನು ಅಳೆದು ಚೀಟಿಯಲ್ಲಿ ಬರೆದುಕೊಂಡು ರಾಯಚೂರಿಗೆ ಹೋದೆವು. ಎಡಬಲಗಳ ಕೊಳವೆಗಳು ಬೇರೆ ಬೇರೆ. ಎರಡನ್ನೂ ಜೋಡಿಯಾಗಿಯೇ ಕೊಳ್ಳುವುದು ಒಳಿತು. ಸೈಲೆನ್ಸರಿನೊಳಗೆ ತಡೆಗೊಳವೆ ಇದೆಯೋ ಇಲ್ಲವೋ ಎಂಬುದನ್ನು ಹಿಂದಿನ ತುದಿಯಿಂದ ನೋಡಿ ಖಚಿತಪಡಿಸಿಕೊಳ್ಳಬೇಕು. ಹೊರಗೆ ಕನ್ನಡಿಯಂತೆ ಹೊಳೆಯುತ್ತ ಒಳಗೆ ಟೊಳ್ಳಾಗಿರುವ ಕೊಳವೆಗಳೂ ಪೇಟೆಯಲ್ಲಿ ಉಂಟು. ಕೊಳವೆಗಳೊಡನೆ ಬಾಯಿಗೆ ಹಾಕುವ ಹೊಸ ಪ್ಯಾಕಿಂಗ್ ಬಳೆಗಳನ್ನೂ ಹೊಸ ಬೋಲ್ಟುಗಳನ್ನೂ ತಂದೆವು.

ಭಾನುವಾರದ ದಿನ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನನ್ನು ಬರಹೇಳಿದ್ದೆವು. ಆತನು ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು, ಈಗ ಮಕ್ತಲ್‌ನಲ್ಲಿ ಮಿಸ್ತ್ರಿಯಾಗಿದ್ದಾನೆ. ಕೆಲಸ ಅವನೇ ಮಾಡಿಕೊಡುವನೆಂದು ನಮ್ಮೊಳಗೆ ಸಣ್ಣ ಆಸೆಯಿತ್ತು. ಆದರೆ ಅವನು ಪಾನಾಗಳನ್ನು ನಮ್ಮ ಕೈಗಿತ್ತು, "ನೀವ ಮಾಡ್ರಿ ಸರ್, ನಾ ನಿಂತು ನೋಡ್ತೀನಿ" ಎಂದನು. ಹಿಂದೊಮ್ಮೆ ಕರಿಹಲಗೆಯ ಮುಂದೆ ಸೀಮೆಸುಣ್ಣ ಕೊಟ್ಟು ನಾವು ಅವನಿಗೆ ಹೇಳುತ್ತಿದ್ದ ಮಾತು ಅದು! ನಾವು ಮರುಮಾತಾಡದೆ ಕುಳಿತೆವು.

ಮೊದಲನೆಯ ನಿಯಮ, ಗಾಡಿ ಪೂರ್ತಿಯಾಗಿ ತಣ್ಣಗಿರಬೇಕು. ಹಿಂದಿನ ಸಾಯಂಕಾಲವೇ ಎಲ್ಲ ನಟ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆಯನ್ನು ಹನಿಸಿ ಇಟ್ಟಿದ್ದೆವು. ಬಯಲಿನಲ್ಲಿ ಸಮತಟ್ಟಾದ ಗಟ್ಟಿ ನೆಲದ ಮೇಲೆ ನಡುಸ್ಟ್ಯಾಂಡಿನಲ್ಲಿ ಗಾಡಿಯನ್ನು ನಿಲ್ಲಿಸಿ, ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಪ್ಲಗ್ಗಿನ ಟೊಪ್ಪಿಗೆಯನ್ನು ತೆಗೆದಿಡಬೇಕು. ಬಿಚ್ಚುವುದಕ್ಕೆ ಮುಂಚೆ ಯಾವ ವಾಷರು ಎಲ್ಲಿತ್ತೆಂಬುದರ ಒಂದು ಚಿತ್ರ ಬರೆದುಕೊಂಡರೆ ಆಮೇಲೆ ತಲೆ ಕೆರೆದುಕೊಳ್ಳುವ ಪ್ರಸಂಗ ಬಾರದು.

ಸೈಲೆನ್ಸರನ್ನು ಹಿಂದೆ ಹಿಡಿದಿರುವ ಬೋಲ್ಟನ್ನೂ, ಬೆಂಡ್ ಪೈಪಿಗೆ ಬಿಗಿದಿರುವ ಪಟ್ಟಿಯನ್ನೂ ಸಡಿಲಿಸಿ, ಒಂದು ಕೈಯಿಂದ ಸೈಲೆನ್ಸರಿಗೆ ಆಸರೆ ಕೊಡುತ್ತ ಹಿಂದಕ್ಕೆ ಎಳೆಯಬೇಕು. ಬಾರದಿದ್ದರೆ ಅತ್ತಿತ್ತ ಮೆಲ್ಲಗೆ ತಿರುವಬೇಕು. ಆಮೇಲೆ ಎಂಜಿನ್ನಿನ ಬಾಯಲ್ಲಿರುವ ದೊಡ್ಡ ಬಳೆನಟ್ಟು. ಇದಕ್ಕೆ ಕೊಕ್ಕೆಯ ಆಕಾರದ ಪಾನಾ ಬೇಕು. ನಾವು ಅವಸರದಲ್ಲಿ ಉಳಿ ಸುತ್ತಿಗೆಗಳನ್ನು ಕೈಗೆತ್ತಿಕೊಂಡಾಗ ಹಳೆಯ ವಿದ್ಯಾರ್ಥಿಯು ಗಾಬರಿಯಿಂದ ತಡೆದನು: "ಜೋರ್ ಮಾಡಬ್ಯಾಡ್ರಿ ಸರ್. ಚೂಡಿ ಹೋದ್ರ ಸಿಲಿಂಡರ ಹೋದಂಗ." ಚೂಡಿಯೆಂದರೆ ತಿರುಪಿನ ಹಲ್ಲುಗಳು. ನಟ್ಟು ಕೆಟ್ಟರೆ ಇನ್ನೊಂದನ್ನು ತರಬಹುದು; ಸಿಲಿಂಡರಿನ ಹಲ್ಲುಗಳು ಕೆಟ್ಟರೆ, ಕಾರಖಾನೆಯೇ ಇಲ್ಲದ ಗಾಡಿಗೆ ಹೊಸ ಸಿಲಿಂಡರನ್ನು ಎಲ್ಲಿಂದ ತರುವುದು? ಮತ್ತೆ ಎಣ್ಣೆ ಹನಿಸಿ ಒಂದು ಗಂಟೆ ಬಿಟ್ಟೆವು. ಚಹಾ ಕುಡಿದು ಬಂದು ತಿರುವಿದಾಗ ಬಳೆಯು ಸದ್ದಿಲ್ಲದೆ ಸಡಿಲವಾಯಿತು.

ಹಳೆಯ ಗಾಡಿಗಳ ಬಾಯಲ್ಲಿರುವ ಪ್ಯಾಕಿಂಗಿನಲ್ಲಿ ಕಲ್ನಾರು ಇರುವ ಸಂಭವವುಂಟು. ಅದರ ಧೂಳು ಪುಪ್ಪುಸಗಳಿಗೆ ಬಹಳ ಕೆಟ್ಟದ್ದು. ಆದುದರಿಂದ ಅದನ್ನು ಒಣದಾಗಿ ಕೆರೆಯಬಾರದು, ಊದಬಾರದು. ನೀರಿನಿಂದ ತೋಯಿಸಿ ಇಡಿಯಾಗಿ ತೆಗೆದು ಚೀಲದಲ್ಲಿ ಕಟ್ಟಿಬಿಡಬೇಕು. ಮಕ್ಕಳನ್ನು ಆಗ ದೂರ ಕಳುಹಿಸುವುದು ಲೇಸು. ಈಗ ಎಂಜಿನ್ನಿನ ಬಾಯಿ ತೆರೆದಿರುತ್ತದೆ. ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಓಡಿಸುವ ಎಂಜಿನ್ನಾದುದರಿಂದ ಅಲ್ಲಿ ಮಸಿಯು ಗಟ್ಟಿಯಾಗಿ ಕಟ್ಟಿರುತ್ತದೆ. ದಾರಿ ಇಕ್ಕಟ್ಟಾದಷ್ಟೂ ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ. ಪಿಸ್ಟನ್ನು ಮೇಲಕ್ಕೆ ಬಂದು ಬಾಯನ್ನು ಒಳಗಿನಿಂದ ಮುಚ್ಚುವಂತೆ ಎಂಜಿನ್ನನ್ನು ಕೈಯಿಂದ ತಿರುವಿ ನಿಲ್ಲಿಸಿ, ಮರದ ಕಡ್ಡಿಯಿಂದ ಮಸಿಯನ್ನು ಕೆರೆದು, ಪುಡಿಯನ್ನು ಎಣ್ಣೆಬಟ್ಟೆಯಿಂದ ಒರಸಿ ತೆಗೆದೆವು. ಕಬ್ಬಿಣದ ಚೂಪು ಸಲಕರಣೆಯನ್ನು ಬಳಸಿದರೆ ಪಿಸ್ಟನ್ನಿಗೆ ಗೀರು ಬೀಳುತ್ತದೆ.

ಕೂಡಿಸುವಾಗ ನೆನಪಿಡತಕ್ಕ ಸೂತ್ರ ಒಂದೇ: ಎಲ್ಲವನ್ನೂ ಮೊದಲು ಬೆರಳುಗಳಿಂದ ಸಡಿಲವಾಗಿ ಕೂಡಿಸಬೇಕು, ಎಲ್ಲವೂ ತಮ್ಮ ತಮ್ಮ ಸ್ಥಾನಕ್ಕೆ ಬಂದ ತರುವಾಯವೇ ಪಾನಾ ಹಾಕಬೇಕು. ಹೊಸ ಪ್ಯಾಕಿಂಗ್ ಇಟ್ಟು ಬೆಂಡ್ ಪೈಪನ್ನು ನೆಟ್ಟಗೆ ಕೂಡಿಸಿ, ಬಳೆನಟ್ಟಿನ ಹಲ್ಲು ಸರಿಯಾಗಿ ಹಿಡಿಯಿತೆಂದು ಕೈಗೆ ಗೊತ್ತಾಗುವವರೆಗೆ ಬೆರಳಿನಿಂದಲೇ ತಿರುವಬೇಕು. ಅನಂತರ ಸೈಲೆನ್ಸರು, ಅದರ ಪಟ್ಟಿ, ಹಿಂದಿನ ಬೋಲ್ಟು. ಬಿಗಿಯುವುದು ಮುಂದಿನಿಂದ ಹಿಂದಕ್ಕೆ: ಮೊದಲು ಬಳೆನಟ್ಟು, ಆಮೇಲೆ ಪಟ್ಟಿ, ಕೊನೆಯಲ್ಲಿ ಹಿಂದಿನ ಬೋಲ್ಟು. ನಮ್ಮ ಬಲಗಡೆಯ ಸೈಲೆನ್ಸರಿನ ತೂತು ಗಾಡಿಯ ತೂತಿಗಿಂತ ಒಂದು ಕಾಳಿನಷ್ಟು ಹಿಂದಕ್ಕಿತ್ತು. ಎಳೆದು ಕೂಡಿಸಿದರೆ ಬೋಲ್ಟು ಹೋಗುತ್ತಿತ್ತು. ಆದರೆ ಹಾಗೆ ಎಳೆತದಲ್ಲಿ ಕುಳಿತ ಕೊಳವೆಯು ದಿನವೂ ಅದುರಿ ಅದುರಿ ಬೆಸುಗೆಯಲ್ಲಿ ಬಿರುಕು ಬಿಡುತ್ತದೆ. ದುಂಡನೆಯ ಅರದಿಂದ ಪಟ್ಟಿಯ ತೂತನ್ನು ಸ್ವಲ್ಪ ಉದ್ದ ಮಾಡಿದೆವು. ಬೋಲ್ಟು ತಾನಾಗಿಯೇ ಕುಳಿತುಕೊಂಡಿತು.

ಎಂಜಿನ್ನನ್ನು ಚಾಲೂ ಮಾಡಿ ನೋಡುವ ಕೆಲಸವನ್ನು ಬಯಲಿನಲ್ಲಿಯೇ ಮಾಡಬೇಕು. ಮಳೆ ಬಂದಿತೆಂದು ಗಾಡಿಯನ್ನು ಕೊಟ್ಟಿಗೆಯೊಳಗೋ ಬಾಗಿಲು ಮುಚ್ಚಿದ ಕೋಣೆಯೊಳಗೋ ನಿಲ್ಲಿಸಿ ಚಾಲೂ ಮಾಡುವುದು ಪ್ರಾಣಾಪಾಯದ ಕೆಲಸ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಲವಾಗಿ ಅಂಟಿಕೊಳ್ಳುತ್ತದೆ. ಮನುಷ್ಯನಿಗೆ ತಲೆ ಸುತ್ತುತ್ತಿದೆಯೆಂದು ತಿಳಿಯುವ ವೇಳೆಗೆ ಏಳುವ ಶಕ್ತಿಯೇ ಉಳಿದಿರುವುದಿಲ್ಲ. ಹೊಸ ಕೊಳವೆಗೆ ಸವರಿರುವ ಎಣ್ಣೆಯು ಸುಡುವುದರಿಂದ ಮೊದಲಲ್ಲಿ ಸ್ವಲ್ಪ ಹೊಗೆ ಏಳುವುದು ಸಹಜ. ಬಾಯಿಯಲ್ಲಿ 'ಚುಸ್ ಚುಸ್' ಎಂಬ ಶಬ್ದ ಕೇಳಿದರೆ ಅನಿಲ ಸೋರುತ್ತಿದೆಯೆಂದು ಅರ್ಥ. ಒಂದು ಸಣ್ಣ ಪ್ರಯಾಣ ಮಾಡಿ ಬಂದು, ಗಾಡಿ ಪೂರ್ತಿ ತಣಿದ ಮೇಲೆ ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿಯುವುದನ್ನು ಮರೆಯಬಾರದು.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇಷ್ಟು ಹೇಳಿದುದು ಹಳೆಯ ಕಾಲದ ಸರಳ ಗಾಡಿಗಳಿಗೆ. ಈಗಿನ ಹೊಸ ಗಾಡಿಗಳ ಹೊಗೆಕೊಳವೆಯಲ್ಲಿ ವಿಷಾನಿಲವನ್ನು ಶುದ್ಧಿಮಾಡುವ ಉಪಕರಣವೂ, ಆಮ್ಲಜನಕವನ್ನು ಅಳೆದು ಪೆಟ್ರೋಲಿನ ಪ್ರಮಾಣವನ್ನು ತಿದ್ದುವ ವಿದ್ಯುತ್ ಸಾಧನವೂ ಇರುತ್ತವೆ. ಅವುಗಳಿಗೆ ಮನೆಯಲ್ಲಿ ಕೈ ಹಚ್ಚದೆ, ಕಂಪನಿಯ ಕೊಳವೆಯನ್ನೇ ತಿಳಿದವರಿಂದ ಹಾಕಿಸುವುದು ಯುಕ್ತ.

ತಂದೆತಾಯಿಗಳಲ್ಲಿ ಎರಡು ವಿನಂತಿಗಳು. ಮೊದಲನೆಯದು ಸುಟ್ಟ ಗಾಯದ ವಿಷಯ. ಓಡಿಬಂದ ಗಾಡಿಯಿಂದ ಇಳಿಯುವಾಗ ಮಕ್ಕಳ ಮೀನಖಂಡ ಕೊಳವೆಗೆ ತಗುಲುವುದು ಬಹಳ ಸಾಮಾನ್ಯ. ಯೆಜ್ಡಿಯಲ್ಲಂತೂ ಎರಡು ಪಕ್ಕದಲ್ಲೂ ಕೊಳವೆಯಿದೆ. ಹಾಗಾದಾಗ ಮಸಿ, ಹಲ್ಲುಪುಡಿ, ಅರಿಸಿನ, ಬೆಣ್ಣೆ ಇವಾವುದನ್ನೂ ಹಚ್ಚದೆ, ಇಪ್ಪತ್ತು ನಿಮಿಷಗಳ ಕಾಲ ತಣ್ಣೀರನ್ನು ಧಾರೆಯಾಗಿ ಹೊಯ್ಯಬೇಕು. ಮಂಜುಗಡ್ಡೆಯೂ ಬೇಡ. ಬೊಕ್ಕೆಯೆದ್ದರೆ ಒಡೆಯದೆ ಶುಭ್ರವಾದ ಬಟ್ಟೆ ಮುಚ್ಚಿ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಎರಡನೆಯದು ಸದ್ದಿನ ವಿಷಯ. ತಡೆಗೊಳವೆಯನ್ನು ಕಿತ್ತು, ಗುಡುಗಿನಂತೆ ಸದ್ದು ಹೊರಡಿಸುತ್ತ ತಿರುಗುವುದನ್ನು ಕೆಲವು ತರುಣರು ಪೌರುಷವೆಂದು ಭಾವಿಸಿದ್ದಾರೆ. ಪ್ರತಿಯೊಂದು ಮೋಟಾರು ವಾಹನಕ್ಕೂ ಶಬ್ದವನ್ನು ತಗ್ಗಿಸುವ ಸೈಲೆನ್ಸರು ಇರಲೇಬೇಕೆಂದು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತಲಿನ ೧೦೦ ಮೀಟರು ಪ್ರದೇಶವನ್ನು ಶಾಂತಿವಲಯವೆಂದು ಘೋಷಿಸಬಹುದು. ಅಂಥ ವಲಯದಲ್ಲಿ ಹಗಲಿನ ಮಿತಿ ೫೦ ಡೆಸಿಬೆಲ್, ರಾತ್ರಿಯದು ೪೦. ಡೆಸಿಬೆಲ್ಲಿನ ಲೆಕ್ಕದಲ್ಲಿ ಹತ್ತು ಹೆಚ್ಚಿದರೆ ಶಬ್ದದ ಶಕ್ತಿ ಹತ್ತು ಪಟ್ಟು ಹೆಚ್ಚಿತೆಂದು ಅರ್ಥ. ಆದರೆ ಕಾನೂನಿಗಿಂತ ಮಿಗಿಲಾದ ಕಾರಣವೊಂದಿದೆ. ತೆಲುಗು ನಾಡಿನ ಅಂಚಿನಲ್ಲಿರುವ ನಮ್ಮ ಕನ್ನಡ ಶಾಲೆಯ ಎಳೆಯ ಮಕ್ಕಳಲ್ಲಿ ಹಲವರು ಬೀದಿಯಲ್ಲಿ ಒಂದು ಭಾಷೆಯನ್ನೂ ತರಗತಿಯಲ್ಲಿ ಇನ್ನೊಂದನ್ನೂ ಕೇಳುತ್ತ ಬೆಳೆಯುವವರು. ಅಂಥ ಮಗುವು 'ಳ'ಕಾರಕ್ಕೂ 'ಲ'ಕಾರಕ್ಕೂ ಇರುವ ಭೇದವನ್ನು ಉಪಾಧ್ಯಾಯಿನಿಯ ಬಾಯಿಂದಲೇ ಕೇಳಿ ತಿಳಿಯಬೇಕು. ಆ ಕ್ಷಣದಲ್ಲಿ ಕಿಟಕಿಯ ಹೊರಗೆ ಗಾಡಿಯೊಂದು ಗುಡುಗಿದರೆ ಆ ಅಕ್ಷರವು ಮಗುವಿಗೆ ಕೇಳಿಸಲೇ ಇಲ್ಲ. ಎಷ್ಟು ಅಕ್ಷರಗಳನ್ನು ನಾವೇ ಹಾಗೆ ನುಂಗಿಹಾಕಿದೆವೋ ಎಂದು ಈಗ ಅಳುಕಾಗುತ್ತದೆ.

ಸೋಮವಾರದ ದಿನ ಹೊಸ ಕೊಳವೆಗಳ ಗಾಡಿಯಲ್ಲಿ ನಾವು ಶಾಲೆಗೆ ಬಂದೆವು. ಒಂದನೆಯ ತರಗತಿಯ ಕಿಟಕಿಯಲ್ಲಿ ಒಂದು ಮುಖವೂ ಕಾಣಲಿಲ್ಲ. ಸಂತೋಷದಿಂದ ಮುಂದೆ ನಡೆದು ಎಂಟನೆಯ ತರಗತಿಯ ಬಾಗಿಲಿಗೆ ಬಂದರೆ, ಅಲ್ಲಿ ಸೀಮೆಸುಣ್ಣದ ತುಂಡುಗಳು ಹಾರಾಡುತ್ತಿದ್ದವು. ಇಬ್ಬರು ಬೆಂಚಿನ ಮೇಲೆ ನಿಂತಿದ್ದರು! ನಮ್ಮನ್ನು ಕಂಡೊಡನೆ ಎಲ್ಲರೂ ಕಲ್ಲಾದರು. ರಸ್ತೆಯ ಕಡೆಗೆ ಕಿವಿಯಿಟ್ಟು ಕುಳಿತುಕೊಳ್ಳುವುದು ಯಾರ ಪಾಳಿಯೋ ಆ ಹುಡುಗನು ಎದ್ದು ನಿಂತು, ತಪ್ಪು ತನ್ನದೆಂಬಂತೆ, "ಗಾಡಿ ಸಪ್ಪಳಾನ ಬರಲಿಲ್ಲರೀ ಸರ್" ಎಂದನು.

ನಮಗೆ ನಗು ತಡೆಯಲಾಗಲಿಲ್ಲ. ಆದರೆ ಮನೆಗೆ ಮರಳುವಾಗ ಯೋಚನೆ ಬಂದಿತು. ನಾವು ಕಾಲಿಟ್ಟೊಡನೆ ತರಗತಿಗಳು ನಿಶ್ಶಬ್ದವಾಗಿರುವುದನ್ನು ಕಂಡು ಇಷ್ಟು ದಿನ ಹೆಮ್ಮೆಪಡುತ್ತಿದ್ದೆವು. ಅದು ತೂತುಬಿದ್ದ ಕೊಳವೆಯೊಂದು ಮುಂದಾಗಿ ಬಂದು ಸಾರುತ್ತಿದ್ದುದರ ಫಲವೆಂದು ಈಗ ತಿಳಿಯಿತು. ಮರುದಿನ ಎಂಟನೆಯ ತರಗತಿಯವರನ್ನು ಅಂಗಳಕ್ಕೆ ಕರೆದು, ಗಾಡಿಯ ಸುತ್ತ ನಿಲ್ಲಿಸಿ, ಮೇಲೆ ಬರೆದುದನ್ನೆಲ್ಲ ತೋರಿಸಿ ಹೇಳಿದೆವು. ಕಿವಿಯಿಟ್ಟು ಕೂಡುತ್ತಿದ್ದ ಆ ಹುಡುಗನೇ ಎಲ್ಲರಿಗಿಂತ ಮುಂದೆ ನಿಂತು, ಒಂದು ಲೀಟರು ಪೆಟ್ರೋಲಿನಿಂದ ಅಷ್ಟು ನೀರು ಹೇಗೆ ಬರುತ್ತದೆಂದು ಎರಡು ಸಲ ಕೇಳಿದನು. ಅಷ್ಟು ಹೊತ್ತೂ ಯಾರೂ ಗದ್ದಲ ಮಾಡಲಿಲ್ಲ. ನಾವೂ ಮಾಡಬೇಡಿರೆಂದು ಹೇಳಲಿಲ್ಲ.